ಒಂದು ವಾರ ಮುಂಚಿನ ಸಂತ

ಅಂಚೆ ಕಚೇರಿಯ ಮೊಹರಿನಲ್ಲಿ ದಿನಾ ಬೆಳಿಗ್ಗೆ ತಾರೀಕು ಬದಲಿಸುವುದು ಅಂಥ ಮಹಾ ಕೆಲಸವೇನಲ್ಲ. ಚಿಮಟದಲ್ಲಿ ನಿನ್ನೆಯ ಅಂಕಿಯನ್ನು ಕಿತ್ತು, ಇವತ್ತಿನ ಅಂಕಿಯನ್ನು ಕೂರಿಸಿ, ಹಳೇ ಕಾಗದದ ಮೇಲೆ ಒಂದು ಸಲ ಕುಟ್ಟಿ ನೋಡಿದರೆ ಮುಗಿಯಿತು. ಆದರೆ ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದವನಿಗೆ ಸೂರ್ಯ ತನ್ನ ಅಪ್ಪಣೆ ಕೇಳಿಯೇ ಹುಟ್ಟುತ್ತಾನೆ ಎಂಬ ಭ್ರಮೆ ಬಂದರೆ ಅದಕ್ಕೆ ಯಾವ ಅಂಗಡಿಯಲ್ಲೂ ಔಷಧ ಸಿಗುವುದಿಲ್ಲ. ಕಿಟಕಿಯ ಮುಂದೆ ಸಾಲು ನಿಂತವರು ಗೊಣಗಿದರೆ ಅವನು ಕನ್ನಡಕದ ಮೇಲಿಂದ ನೋಡಿ, "ಸ್ವಲ್ಪ ತಡ್ಕೊಳ್ಳಿ. ನಾನು ಅಂಕಿ ಬದಲಾಯಿಸೋ ತನಕ ಈ ಊರಲ್ಲಿ ಇನ್ನೂ ನಿನ್ನೇನೇ" ಅನ್ನುತ್ತಿದ್ದ. ಎಲ್ಲರೂ ಅವನನ್ನು ತಾರೀಕು ಗುಮಾಸ್ತ ಎಂದು ಕರೆಯುತ್ತಿದ್ದರು. ಹಿಂದಿನಿಂದ ನಗುವುದಕ್ಕೆ ಇಟ್ಟ ಹೆಸರು. ಅವನು ಅದನ್ನು ಬಿರುದು ಎಂದುಕೊಂಡಿದ್ದ.

ಇಂಥವನ ಮನೆಯಲ್ಲಿ ಕ್ಯಾಲೆಂಡರ್ ಇರಲಿಲ್ಲ. ಚರ್ಚಿನವರು ಪ್ರತಿ ವರ್ಷ ಮಾರುವ ಕ್ಯಾಲೆಂಡರನ್ನು ಹೆಂಡತಿ ಒಮ್ಮೆ ಕೇಳಿ ನೋಡಿದ್ದಳು. "ಗೋಡೆ ನೋಡಿ ತಾರೀಕು ಹೇಳೋಕೆ ನಾನೇ ಯಾಕೆ ಬೇಕು? ಪಕ್ಕದ ಮನೆ ಬೆಕ್ಕೂ ಹೇಳುತ್ತೆ" ಎಂದು ಅವನು ಅಂದಿದ್ದ. ಆಮೇಲೆ ಅವಳು ಕೇಳಲಿಲ್ಲ. ಬೇಕಾದಾಗ ಪಕ್ಕದ ಮನೆಗೆ ಹೋಗಿ ನೋಡಿಕೊಂಡು ಬರುತ್ತಿದ್ದಳು.

ಈಸ್ಟರ್‌ಗೆ ಮುಂಚೆ ನಲವತ್ತು ದಿನದ ತಪಸ್ಸುಕಾಲ ಬರುತ್ತದಲ್ಲ, ಅದರ ಲೆಕ್ಕವೇ ಸ್ವಲ್ಪ ತರಲೆ. ಪ್ರತಿ ವರ್ಷ ಬೇರೆ ತಾರೀಕಿಗೆ ಬೀಳುತ್ತದೆ. ಆ ನಲವತ್ತು ದಿನ ಮಾಂಸವಿಲ್ಲ, ಮೊಟ್ಟೆಯಿಲ್ಲ, ಬೆಣ್ಣೆಯಿಲ್ಲ, ಸಿಹಿಯಿಲ್ಲ. ಮದುವೆಯಿಲ್ಲ, ಮದುವೆಯ ಮಾತುಕತೆಯೂ ಇಲ್ಲ. ಶುರುವಾಗುವುದು ಬೂದಿ ಬುಧವಾರದಂದು, ಪಾದ್ರಿ ಹಣೆಗೆ ಬೂದಿ ಹಚ್ಚಿ ನೀನು ಮಣ್ಣು ಎಂದು ನೆನಪಿಸಿದ ಮೇಲೆ. ಅದರ ಹಿಂದಿನ ಮಂಗಳವಾರ ಮನೆಯಲ್ಲಿ ಉಳಿದಿರುವ ಮಾಂಸ, ಮೊಟ್ಟೆ, ಬೆಣ್ಣೆಯನ್ನೆಲ್ಲ ತಿಂದು ಮುಗಿಸಬೇಕು ಎಂದು ನಿಯಮ. ಉಳಿಯಲಿ ಎಂದೇ ಸೋಮವಾರ ಚೀಲ ತುಂಬಾ ತಂದಿಡುವುದು ಭಕ್ತರ ರೂಢಿ.

ಇನ್ನು ಯಾರು ಏನನ್ನು ಬಿಡುತ್ತಾರೆ ಎಂಬ ಪಂದ್ಯ ಬೇರೆ. ಪಕ್ಕದ ಮನೆಯ ನಿವೃತ್ತ ಟೀಚರಮ್ಮ ಪ್ರತಿ ವರ್ಷ ಸಕ್ಕರೆ ಬಿಡುತ್ತಿದ್ದರು. ಡಾಕ್ಟರು ಅದನ್ನು ಆರು ವರ್ಷದ ಹಿಂದೆಯೇ ಬಿಡಿಸಿದ್ದರು. ಪೋಸ್ಟ್‌ಮಾಸ್ಟರು ಚಹಾ ಬಿಡುತ್ತಿದ್ದರು, ಅಂದರೆ ತಾವೇ ತರಿಸಿದ ಚಹಾ. ಬೇರೆಯವರು ತರಿಸಿದ್ದು ಬಂದರೆ ಅತಿಥಿ ಸತ್ಕಾರಕ್ಕೆ ಅವಮಾನವಾಗಬಾರದೆಂದು ಕುಡಿಯುತ್ತಿದ್ದರು. ಹೋದ ವರ್ಷ ಗುಮಾಸ್ತ ಹೆಂಡತಿಯ ಮೇಲೆ ರೇಗುವುದನ್ನು ಬಿಡುತ್ತೇನೆ ಎಂದು ಘೋಷಿಸಿ, ಮೂರನೇ ದಿನ ಆ ಘೋಷಣೆಯನ್ನೇ ಬಿಟ್ಟಿದ್ದ. ಈ ವರ್ಷ ಎಲ್ಲರ ಬಾಯಿ ಮುಚ್ಚಿಸಬೇಕು ಎಂದು ಅವನ ಮನಸ್ಸಿನಲ್ಲಿತ್ತು.

ಮೊದಲು ತಾರೀಕು. ಈಸ್ಟರ್ ಯಾವತ್ತು ಎಂಬುದು ಕಚೇರಿಯ ರಜಾಪಟ್ಟಿಯಲ್ಲಿತ್ತು. ಅಲ್ಲಿಂದ ಹಿಂದಕ್ಕೆ ನಲವತ್ತಾರು ದಿನ ಎಣಿಸು ಎಂದು ಅವನ ಅಪ್ಪ ಹೇಳಿಕೊಟ್ಟಿದ್ದರು. ಭಾನುವಾರ ಉಪವಾಸವಿಲ್ಲ, ಅದು ಲೆಕ್ಕಕ್ಕಿಲ್ಲ ಎಂದು ಅಜ್ಜಿ ಹೇಳಿಕೊಟ್ಟಿದ್ದರು. ಅಪ್ಪನ ಮಾತೂ ನಿಜ, ಅಜ್ಜಿಯ ಮಾತೂ ನಿಜ. ಗುಮಾಸ್ತ ಹಿರಿಯರಿಬ್ಬರಿಗೂ ಬೇಜಾರಾಗಬಾರದೆಂದು ನಲವತ್ತಾರು ದಿನ ಎಣಿಸಿದ, ಆದರೆ ಭಾನುವಾರಗಳನ್ನು ಹಾರಿಸಿ ಹಾರಿಸಿ ಎಣಿಸಿದ. ಹಾಗೆ ಎಣಿಸಿ ಬಂದ ದಿನ ಸರಿಯಾಗಿ ಬುಧವಾರವೇ ಆಗಿತ್ತು. ಬುಧವಾರ ಅಲ್ಲದೆ ಬೇರೆ ವಾರ ಬಂದಿದ್ದರೆ ಅವನಿಗೂ ಅನುಮಾನ ಬರುತ್ತಿತ್ತೋ ಏನೋ. ಬುಧವಾರ ಬಂದದ್ದನ್ನು ನೋಡಿ ಅವನು ಪೆನ್ಸಿಲ್ಲಿಗೆ ಮುತ್ತಿಟ್ಟು ಅದನ್ನು ಜೇಬಿಗೆ ಹಾಕಿಕೊಂಡ.

"ನಾಳೆ ಮಂಗಳವಾರ. ಔತಣ" ಎಂದು ಸೋಮವಾರ ಸಂಜೆ ಎರಡು ಕೋಳಿ ಹಿಡಿದುಕೊಂಡು ಬಂದ.

"ಟೀಚರಮ್ಮನ ಮನೇಲಿ ಇನ್ನೂ ಯಾರೂ ಏನೂ ತಂದಿಲ್ಲ" ಎಂದಳು ಹೆಂಡತಿ.

"ಅವರೆಲ್ಲ ಬೇಜವಾಬ್ದಾರಿ ಜನ."

"ಚರ್ಚಲ್ಲೂ ಮೊನ್ನೆ ಏನೂ ಹೇಳ್ಲಿಲ್ಲ."

"ಪಾದ್ರಿ ಹೇಳೋವಾಗ ನೀನು ಎಚ್ಚರ ಇದ್ಯಾ?"

"ನಾನು ಎಚ್ಚರ ಇದ್ದೆ. ಗೊರಕೆ ಹೊಡೀತಿದ್ದೋರು ನೀವು."

ಇಪ್ಪತ್ತೆರಡು ವರ್ಷದ ಗೃಹಸ್ಥಾಶ್ರಮದಲ್ಲಿ ಅವಳು ಒಂದು ವಿದ್ಯೆ ಕಲಿತಿದ್ದಳು: ಗಂಡನ ಜೊತೆ ಎರಡು ಮಾತಿಗಿಂತ ಹೆಚ್ಚು ವಾದ ಮಾಡಬಾರದು, ಮೂರನೆಯದನ್ನು ಒಲೆಯ ಹತ್ತಿರ ಹೇಳಿಕೊಳ್ಳಬೇಕು. ಅವಳು ಕೋಳಿ ಹುರಿದಳು. ಮಗಳು ಔಷಧದ ಅಂಗಡಿಯ ಕೆಲಸಗಾರ್ತಿ, ಹದಿನೈದು ದಿನದ ತರಬೇತಿಗೆ ಬೇರೆ ಊರಿಗೆ ಹೋಗಿದ್ದಳು. ಹಾಗಾಗಿ ಎರಡು ಕೋಳಿ, ಒಂದು ಡಜನ್ ಮೊಟ್ಟೆ, ಅರ್ಧ ಸೇರು ಬೆಣ್ಣೆ, ಒಂದು ದೊಡ್ಡ ಕೇಕು ಇಬ್ಬರೇ ತಿನ್ನಬೇಕಾಯಿತು. ಹೆಂಡತಿ ಒಂದು ಕಾಲು ತಿಂದಳು. ಉಳಿದದ್ದನ್ನೆಲ್ಲ ಗುಮಾಸ್ತ ಕರ್ತವ್ಯನಿಷ್ಠೆಯಿಂದ ಮುಗಿಸಿ, ಬೆಲ್ಟು ಸಡಿಲಿಸಿ, ಲೋಕದ ಆಸೆಗಳೆಲ್ಲ ಎಷ್ಟು ಭಾರ ಎಂದು ನಿಟ್ಟುಸಿರು ಬಿಟ್ಟ.

ಬುಧವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬೂದಿ ಹಚ್ಚಿಸಿಕೊಳ್ಳಬೇಕೆಂದು ಅವನು ಆರಕ್ಕೇ ಚರ್ಚಿಗೆ ಹೋದ. ಎಲ್ಲರಿಗಿಂತ ಮೊದಲು ಎಂಬುದೇನೋ ನೆರವೇರಿತು. ಅಲ್ಲಿ ಗಂಟೆ ಬಾರಿಸುವವನೊಬ್ಬನೇ ಮೆಟ್ಟಿಲು ಗುಡಿಸುತ್ತಿದ್ದ.

"ಏನ್ ಸಾರ್, ಇಷ್ಟೊತ್ತಿಗೇ? ಯಾರಾದ್ರೂ ಹೋಗಿಬಿಟ್ರಾ?"

"ಇಲ್ಲ ಇಲ್ಲ. ಬೂದಿ..."

"ಬೂದಿ ಮುಂದಿನ ಬುಧವಾರ ಅಲ್ವಾ?"

ಇಂಥ ಕಡೆ ಬುದ್ಧಿ ನೆಟ್ಟಗಿರುವ ಮನುಷ್ಯ, ಅಯ್ಯೋ ಹೌದಾ, ತಪ್ಪಾಯ್ತು ಎಂದು ನಕ್ಕು ಮನೆಗೆ ಹೋಗಿ, ಹೊಟ್ಟೆ ತುಂಬಾ ತಿಂಡಿ ತಿಂದು ಮಲಗುತ್ತಾನೆ. ಗುಮಾಸ್ತನ ಕಿವಿ ಕೆಂಪಾಯಿತು. ತಾರೀಕು ತಪ್ಪಿದ ತಾರೀಕು ಗುಮಾಸ್ತ! ಗಂಟೆಯವನ ಬಾಯಿ ಗಂಟೆಗಿಂತ ದೊಡ್ಡದು ಎಂಬುದು ಊರಿಗೇ ಗೊತ್ತಿತ್ತು. ಮಧ್ಯಾಹ್ನದೊಳಗೆ ಸಾಲಿನಲ್ಲಿ ನಿಂತವರೆಲ್ಲ, ಸ್ವಾಮಿ ಇವತ್ತು ಯಾವ ವಾರ ಎಂದು ಕೇಳುವುದು ಗ್ಯಾರಂಟಿ.

"ಗೊತ್ತು" ಎಂದ ಅವನು, ಗಂಟಲು ಸರಿಮಾಡಿಕೊಂಡು. "ಮುಂದಿನ ಬುಧವಾರ ಎಲ್ಲರದ್ದು. ನಂದು ಇವತ್ತಿಂದ."

ಗಂಟೆಯವನ ಕೈಯಿಂದ ಪೊರಕೆ ಜಾರಿತು. "ಒಂದು ವಾರ ಮುಂಚೇನಾ!"

"ನಲವತ್ತು ದಿನ ನನಗೆ ಯಾಕೋ ಸಾಲಲ್ಲ."

"ಏನೇನು ಬಿಡ್ತೀರಾ ಸಾರ್?"

ಅಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಸುಳ್ಳು ಹೇಳುವವನಿಗೆ ಕೇಳುವವನ ಬಾಯಿ ತೆರೆದದ್ದು ಕಂಡರೆ ಜಿಪುಣತನ ಮಾಡಲು ಆಗುವುದಿಲ್ಲ. "ಏನು ಬಿಡೋದು ಅಂತಲ್ಲ. ಒಣ ರೊಟ್ಟಿ, ನೀರು. ಅಷ್ಟೇ."

ಗಂಟೆಯವನು ಕಣ್ಣು ಒರೆಸಿಕೊಂಡು, ಇಂಥವರ ಹಣೆ ಬರೀ ಇರಬಾರದು ಎಂದು ತನ್ನ ಮನೆಗೆ ಓಡಿದ. ಒಲೆಯಿಂದ ಒಂದು ಹಿಡಿ ಬೂದಿ ತಂದು ಗುಮಾಸ್ತನ ಹಣೆಗೆ ಧಾರಾಳವಾಗಿ ಮೆತ್ತಿದ. ಅದರಲ್ಲಿ ಸ್ವಲ್ಪ ಬಿಸಿಯೂ ಇತ್ತು.

ಮನೆಯಲ್ಲಿ ಹೆಂಡತಿ ಆ ಹಣೆಯನ್ನು ನೋಡಿದಳು. ಮುಂದಿನ ವಾರ ಅಂತೆ ಎಂದು ಟೀಚರಮ್ಮನ ಮನೆಯ ಕ್ಯಾಲೆಂಡರ್ ಅವಳಿಗೆ ಆಗಲೇ ಹೇಳಿತ್ತು.

"ನನಗೆ ಗೊತ್ತಿತ್ತು. ನಾನು ಬೇಕಂತಲೇ ಒಂದು ವಾರ ಮುಂಚೆ ಶುರು ಮಾಡಿದೀನಿ" ಎಂದ.

"ಓಹೋ. ಮತ್ತೆ ಆ ಬೇಜವಾಬ್ದಾರಿ ಜನ ಅಂದ್ರಲ್ಲ, ಅದು?"

ಗುಮಾಸ್ತ ಚಪ್ಪಲಿ ಮೆಟ್ಟಿಕೊಂಡು ಕಚೇರಿಗೆ ಹೊರಟ. ಅಲ್ಲಿ ಪೋಸ್ಟ್‌ಮಾಸ್ಟರು ಅವನನ್ನು ಹತ್ತಿರ ಕರೆದು, "ಏನ್ರೀ, ಮೊಹರು ಹಣೆಗೆ ಹೊಡ್ಕೊಂಡಿದೀರಾ? ಹೋಗಿ ತೊಳ್ಕೊಳ್ಳಿ" ಎಂದರು. ವಿಷಯ ತಿಳಿದ ಮೇಲೆ ಎದ್ದು ನಿಂತರು. ಎದ್ದು ನಿಂತವರು ಅವನ ಮೇಜಿನಿಂದ ಬಿಸ್ಕತ್ತಿನ ಡಬ್ಬಿಯನ್ನು ತಮ್ಮ ಮೇಜಿಗೆ ಸಾಗಿಸಿದರು. "ನಿಮ್ಮ ಕಣ್ಣಿಗೆ ಬಿದ್ದು ಮನಸ್ಸು ಕೆಡಬಾರದು ನೋಡಿ" ಎಂದು ಒಂದನ್ನು ಬಾಯಿಗೆ ಹಾಕಿಕೊಂಡರು.

ಅವತ್ತು ಗುಮಾಸ್ತ ಮೊಹರಿನ ಮರೆಯಲ್ಲಿ ಮೂರು ಸಲ ಲೆಕ್ಕ ಮಾಡಿದ. ಮೂರು ಸಲವೂ ತಾನು ಹೇಳಿದ ಬುಧವಾರವೇ ಬಂತು. ತಪ್ಪು ಎಲ್ಲಿದೆ ಎಂದು ಅವನಿಗೆ ಸಿಗಲಿಲ್ಲ. ಚರ್ಚಿನವರ ಕ್ಯಾಲೆಂಡರ್ ಅಚ್ಚು ಹಾಕಿದವನೇ ಕುಡಿದಿರಬೇಕು ಎಂದುಕೊಂಡ, ಆದರೆ ಹೊಟ್ಟೆ ಆಗಲೇ ತಾಳ ಹಾಕುತ್ತಿತ್ತು.

ಗುರುವಾರ ಸಂಜೆ ಮಗಳು ತರಬೇತಿ ಮುಗಿಸಿಕೊಂಡು ಬಂದಳು. ಚೀಲ ಕೆಳಗಿಡುವ ಮೊದಲೇ ಮುಖ ಅರಳಿಸಿಕೊಂಡು, "ಅಮ್ಮಾ, ಮುಂದಿನ ಮಂಗಳವಾರ ಮಧ್ಯಾಹ್ನ ಊಟಕ್ಕೆ ಅವರ ಮನೆಗೆ ನಮ್ಮನ್ನೆಲ್ಲ ಕರ್ದಿದಾರೆ" ಎಂದಳು.

ಅವರ ಮನೆ ಎಂದರೆ ಪಕ್ಕದ ಊರಿನ, ಬೇರೆ ಚರ್ಚಿನ ಬೇಕರಿಯವರ ಮನೆ. ಬೇಕರಿಯವರ ಮಗನೂ ಇವಳೂ ಎರಡು ವರ್ಷದಿಂದ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ಹುಡುಗ ಮನೆಯಲ್ಲಿ ಹೇಳಿ, ಅತ್ತು, ಕೊನೆಗೆ ಅಪ್ಪನನ್ನು ಒಪ್ಪಿಸುವ ಹಂತಕ್ಕೆ ತಂದಿದ್ದ. ಆದರೆ ಹುಡುಗನ ಸೋದರತ್ತೆಯ ಕೈಯಲ್ಲಿ ಇನ್ನೊಂದು ಹೆಣ್ಣು ತಯಾರಿತ್ತು. ಈಸ್ಟರ್‌ಗೆ ಆ ಹೆಣ್ಣನ್ನು ಕರೆದುಕೊಂಡೇ ಬರುತ್ತೇನೆ ಎಂದು ಅತ್ತೆ ಸಾರಿದ್ದಳು. ತಪಸ್ಸುಕಾಲದಲ್ಲಿ ಮದುವೆಯ ಮಾತೆತ್ತುವಂತಿಲ್ಲ. ಹಾಗಾಗಿ ಮಂಗಳವಾರ ಊಟದ ಮೇಜಿನಲ್ಲಿ ನಿಶ್ಚಯವಾದರೆ ಆಯಿತು, ಇಲ್ಲದಿದ್ದರೆ ಕೈಬಿಟ್ಟಂತೆಯೇ.

"ಆದ್ರೆ ಅಪ್ಪಾ, ಒಂದು ವಿಷಯ" ಎಂದಳು ಮಗಳು. "ಅವರಿಗೆ ಊಟ ಅಂದ್ರೆ ಪ್ರಾಣ. ಹೋದ ವರ್ಷ ಬಂದ ಒಂದು ಸಂಬಂಧದವರು ಡಯಟ್ ಅಂತ ಒಂದೇ ತುಂಡು ಕೇಕು ತಗೊಂಡ್ರಂತೆ. ನಮ್ಮ ಮೇಜಲ್ಲಿ ಕೈ ಹಿಂದೆ ಎಳೆಯೋರು ನಾಳೆ ಕಷ್ಟದಲ್ಲೂ ಹಿಂದೆ ಎಳೀತಾರೆ ಅಂತ ಹೇಳಿ ಅವತ್ತೇ ಕಳಿಸಿಬಿಟ್ರಂತೆ. ನೀವು ಚೆನ್ನಾಗಿ ತಿನ್ಬೇಕು."

ತಾಯಿ ಗಂಡನ ಮುಖ ನೋಡಿದಳು. ಗುಮಾಸ್ತ ಇಂಗು ತಿಂದ ಮಂಗನ ಹಾಗೆ ಕೂತಿದ್ದ.

"ತಿಂತಾರೆ" ಎಂದಳು ತಾಯಿ. "ಅದೊಂದು ಚೆನ್ನಾಗಿ ಬರುತ್ತೆ."

ಗುಮಾಸ್ತನಿಗೆ ಮಗಳೆಂದರೆ ಜೀವ. ಸುಳ್ಳು ಹೇಳಬಾರದು, ಅವನಲ್ಲಿ ಅದೊಂದು ಒಳ್ಳೆಯ ಗುಣವಿತ್ತು. ಭಾನುವಾರ ಹೇಗೂ ಉಪವಾಸವಿಲ್ಲ. ಅವತ್ತು ಎಲ್ಲರೆದುರಿಗೆ ಎರಡು ತುತ್ತು ತಿಂದು, ವೈದ್ಯರು ಬೇಡ ಅಂದರು ಎಂದೋ ಏನೋ ಹೇಳಿ ಸಂತತನದಿಂದ ಮೆಲ್ಲಗೆ ಇಳಿದುಬಿಡಬೇಕು ಎಂದು ಅವನು ಲೆಕ್ಕ ಹಾಕಿದ. ಅವನ ಬೇರೆ ಲೆಕ್ಕಗಳ ಹಾಗೆ ಇದೂ ಕೈಕೊಟ್ಟಿತು. ಭಾನುವಾರ ಪಾದ್ರಿ ಪ್ರವಚನದ ನಡುವೆ ಕನ್ನಡಕ ತೆಗೆದು, ದನಿ ತಗ್ಗಿಸಿ, "ನಾವೆಲ್ಲ ಬುಧವಾರ ಯಾವಾಗಪ್ಪಾ ಬರುತ್ತೆ ಅಂತ ಹೆದರುತ್ತಿರುವಾಗ, ನಮ್ಮೊಳಗೊಬ್ಬ ಬುಧವಾರವನ್ನು ತಾನೇ ಎದುರುಗೊಂಡಿದ್ದಾನೆ. ಹೆಸರು ಹೇಳಲಾರೆ, ಅವನ ವಿನಯಕ್ಕೆ ನೋವಾದೀತು" ಎಂದರು. ಹೆಸರು ಹೇಳದೆ ನೇರವಾಗಿ ಅವನನ್ನೇ ನೋಡಿದರು. ಅಷ್ಟೂ ಬೆಂಚುಗಳು ಕಿರ್ರೆಂದು ತಿರುಗಿದವು.

ಆಮೇಲೆ ಅವನ ಮನೆಗೆ ಜನ ಬರತೊಡಗಿದರು. ಸಂತ ತಿನ್ನದಿರುವುದನ್ನು ನೋಡಲು ಬಂದವರು ತಿನ್ನುವ ಹೊತ್ತಿಗೇ ಬಂದರು. ಟೀಚರಮ್ಮ ಒಣ ರೊಟ್ಟಿಯನ್ನು ಮುಟ್ಟಿ ನೋಡಿ, "ನಿಜವಾಗ್ಲೂ ಒಣಗಿದೆ" ಎಂದು ಎಲ್ಲರಿಗೂ ಪ್ರಮಾಣಪತ್ರ ಕೊಟ್ಟರು.

"ಟೀಚರ್, ಇವತ್ತು ಭಾನುವಾರ, ಭಾನುವಾರ ತಿನ್ಬಹುದು" ಎಂದ ಗುಮಾಸ್ತ, ಅಡಿಗೆಮನೆಯಿಂದ ಬರುತ್ತಿದ್ದ ಮಾಂಸದ ಸಾರಿನ ವಾಸನೆಯ ಕಡೆ ಮೂಗು ತಿರುಗಿಸಿ.

"ನಮ್ಮಂಥೋರು ತಿನ್ಬಹುದು. ನಿಮಗೇನು ಭಾನುವಾರ, ಸೋಮವಾರ!" ಎಂದರು ಟೀಚರಮ್ಮ.

ಅದಕ್ಕೂ ಕೆಟ್ಟದ್ದು ಇನ್ನೊಂದಾಯಿತು. ಸೋಮವಾರದ ಹೊತ್ತಿಗೆ ಹನ್ನೊಂದು ಮನೆಯವರು, ಒಬ್ಬ ಅಂಚೆ ಗುಮಾಸ್ತ ಮಾಡುವುದನ್ನು ನಾವು ಮಾಡಲಾರೆವಾ ಎಂದು ತಾವೂ ಮುಂಚಿತವಾಗಿ ಉಪವಾಸ ಶುರುಮಾಡಿದರು. ಭಕ್ತಿಯಿಂದ ಅಲ್ಲ, ಹೊಟ್ಟೆಕಿಚ್ಚಿನಿಂದ. ಆದರೆ ಹೊಟ್ಟೆ ಮಾತ್ರ ಖಾಲಿಯೇ ಇತ್ತು. ಮಂಗಳವಾರದ ಔತಣಕ್ಕೆ ತಂದಿಟ್ಟದ್ದನ್ನು ನೆಂಟರಿಗೆ ಹಂಚಿ, ಹಂಚಿದ್ದನ್ನು ಬೀದಿಗೆಲ್ಲ ಹೇಳಿಕೊಂಡು ಬಂದರು. ಗುಮಾಸ್ತನನ್ನು ಕಂಡರೆ ಹಲ್ಲು ಕಡಿದು ಕೈಮುಗಿಯುತ್ತಿದ್ದರು.

ಮಂಗಳವಾರ ಮಧ್ಯಾಹ್ನ ಬೇಕರಿಯವರ ಮನೆಗೆ ಹೋಗುವ ದಾರಿಯಲ್ಲಿ ಗುಮಾಸ್ತ ಹೆಂಡತಿಗೆ ಮಾತು ಕೊಟ್ಟ: "ತಿಂತೀನಿ. ಅಲ್ಲಿ ಚರ್ಚಿನವರು ಯಾರಿರ್ತಾರೆ? ಬಾಗಿಲು ಹಾಕ್ಕೊಂಡು ತಿಂತೀನಿ." ಹೇಳುವಾಗಲೇ ಬಾಯಲ್ಲಿ ನೀರು ಬಂದು ಮಾತು ತೊದಲಿತು. ಅವನ ಅಂಗಿಯ ಕಾಲರಿನೊಳಗೆ ಕುತ್ತಿಗೆ ಆಡುತ್ತಿತ್ತು. ಆರು ದಿನ ಒಣ ರೊಟ್ಟಿಯಲ್ಲಿ ಕಳೆದ ಮೇಲೆ ಹಸಿವೆ ಎಂದರೆ ಏನು ಎಂದು ಅವನಿಗೆ ಯಾರೂ ಪ್ರವಚನ ಕೊಡಬೇಕಾಗಿರಲಿಲ್ಲ.

ಬೇಕರಿಯ ಹಿಂಬದಿಯೇ ಮನೆ. ಉದ್ದನೆಯ ಮೇಜಿನ ಮೇಲೆ ಕೇಕು ಕಟ್ಟುವ ಬಿಳಿ ಕಾಗದವನ್ನು ಹಾಸಿದ್ದರು. ಅದರ ಮೇಲೆ ಇಡೀ ಕೋಳಿ, ಹುರಿದ ಮಾಂಸ, ಬೆಣ್ಣೆ ಸುರಿಯುವ ಬಿಸಿ ಬನ್ನುಗಳು, ಮೂರು ಅಂತಸ್ತಿನ ಕೇಕು. ಬೇಕರಿಯವರು ಬಾಗಿಲಿನಷ್ಟೇ ಅಗಲವಿದ್ದರು. ಗುಮಾಸ್ತನ ಕೈಯನ್ನು ಹಿಟ್ಟು ನಾದುವ ಹಾಗೆ ನಾದಿ, "ಬನ್ನಿ ಬನ್ನಿ, ಇವತ್ತು ಮೇಜು ಖಾಲಿ ಆಗೋ ತನಕ ಯಾರೂ ಏಳೋ ಹಾಗಿಲ್ಲ" ಎಂದರು.

ಗುಮಾಸ್ತ ಕೂತ. ಪಕ್ಕದ ಕುರ್ಚಿ ಖಾಲಿ ಇತ್ತು. ಅವನು ಬನ್ನಿನ ಕಡೆ ಕೈ ಚಾಚುವಷ್ಟರಲ್ಲಿ ಆ ಕುರ್ಚಿಗೆ ಅದೇ ಪಾದ್ರಿ, ಬೇಕರಿಯವರ ಹಳೇ ಗೆಳೆಯರು, ಬಂದು ಕೂತರು.

"ಓಹ್! ನೀವಿಲ್ಲಿ!" ಎಂದು ಪಾದ್ರಿ ಹಿಗ್ಗಿದರು. "ಇಂಥ ಮೇಜಿನ ಮುಂದೆ ಕೂತೂ ನಿಶ್ಚಲವಾಗಿ ಇರೋದಕ್ಕೆ ಬಂದಿದ್ದೀರಿ ಅಂತ ಕಾಣುತ್ತೆ. ಪ್ರಭು ಮರುಭೂಮಿಯಲ್ಲಿ ಉಪವಾಸವಿದ್ದ ಪರೀಕ್ಷೆಗಿಂತ ಇದು ಕಷ್ಟ." ಹಾಗೆ ಹೇಳುತ್ತಾ ಅವರು ಕೋಳಿಯ ಒಂದು ಕಾಲನ್ನು ತಮ್ಮ ತಟ್ಟೆಗೆ ಬರಮಾಡಿಕೊಂಡರು.

ಗುಮಾಸ್ತನ ಕೈ ಬನ್ನಿನ ಮೇಲಿಂದ ಹಾದು ನೀರಿನ ಲೋಟಕ್ಕೆ ಹೋಯಿತು.

ಬೇಕರಿಯವರು ತಾವೇ ಅವನ ತಟ್ಟೆ ತುಂಬಿಸಿದರು. ಮಾಂಸ ಹಾಕಿದರು, ಬನ್ನು ಹಾಕಿದರು, ಅದರ ಮೇಲೆ ಬೆಣ್ಣೆ ಹಾಕಿದರು. ಎಲ್ಲರೂ ತಿನ್ನತೊಡಗಿದರು. ಮಗಳು ಎದುರಿಗೆ ಹುಡುಗನ ಪಕ್ಕ ಕೂತಿದ್ದಳು. ಅಪ್ಪನ ತಟ್ಟೆಯನ್ನು, ಬೇಕರಿಯವರ ಮುಖವನ್ನು ಸರದಿಯಲ್ಲಿ ನೋಡುತ್ತಿದ್ದಳು. ಹೆಂಡತಿ ಮೇಜಿನ ಕೆಳಗೆ ಗುಮಾಸ್ತನ ಕಾಲು ತುಳಿದಳು. ಅವನು ನೀರು ಕುಡಿದ. ಮತ್ತೆ ತುಳಿದಳು. ಮತ್ತೆ ಕುಡಿದ.

"ಏನು ಸ್ವಾಮಿ, ತಟ್ಟೆ ಹಾಗೇ ಇದೆ?" ಎಂದರು ಬೇಕರಿಯವರು.

"ತಿಂತೀನಿ ತಿಂತೀನಿ. ನಿಧಾನಕ್ಕೆ..."

"ನಿಧಾನಕ್ಕೆ ಅಂದ್ರೆ? ನೀರನ್ನ ಮಾತ್ರ ಬೇಗ ಕುಡೀತಿದೀರಲ್ಲ."

ಪಾದ್ರಿ ಬಾಯಿ ಒರೆಸಿಕೊಂಡು ಎದ್ದು ನಿಂತರು. ಅವರು ಎದ್ದು ನಿಂತರೆ ಪ್ರವಚನ ಎಂದು ಎಲ್ಲರಿಗೂ ಗೊತ್ತಿತ್ತು, ಚಮಚಗಳು ನಿಂತವು. "ನಿಮಗೆ ಗೊತ್ತಿರಲಿಕ್ಕಿಲ್ಲ. ನೀವು ಬೀಗರಾಗಿ ಪಡೀತಿರೋದು ಸಾಮಾನ್ಯ ಮನುಷ್ಯನನ್ನಲ್ಲ. ಒಂದು ವಾರದಿಂದ ಇವರು ಒಣ ರೊಟ್ಟಿ, ನೀರಲ್ಲಿದ್ದಾರೆ. ಇವರ ತಟ್ಟೆ ತುಂಬಿಸಬೇಡಿ. ಇವರು ಮುಟ್ಟೋದಿಲ್ಲ."

ಬೇಕರಿಯವರ ಮುಖ ಒಲೆಯಿಂದ ತೆಗೆದ ರೊಟ್ಟಿಯ ಹಾಗೆ ಕೆಂಪೇರಿತು. "ಮುಟ್ಟೋದಿಲ್ವಾ?"

ಸೋದರತ್ತೆ ಮೂಲೆಯಲ್ಲಿ ಕೂತಿದ್ದವಳು ತನ್ನ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡಳು.

"ಉಪವಾಸ ನಾಳೆಯಿಂದ" ಎಂದರು ಬೇಕರಿಯವರು, ಒಂದೊಂದೇ ಪದವನ್ನು ಇಟ್ಟು. "ಇವತ್ತು ನನ್ನ ಮನೆ ಊಟ. ನನ್ನ ಮನೆ ಊಟಕ್ಕಿಂತ ತಾನು ಮೇಲು ಅನ್ನೋರು ನನ್ನ ಮಗನ ತಲೆ ಮೇಲೂ ಕೂರ್ತಾರೆ. ನಾನು ಹಿಟ್ಟು ನಾದೋನು. ಸಂತರ ಜೊತೆ ಬೀಗತನ ನನ್ನ ಕೈಲಾಗಲ್ಲ."

"ಹಾಗಲ್ಲ..." ಎಂದ ಗುಮಾಸ್ತ. ಅವನಿಗೆ ಮಗಳ ಮುಖ ಕಾಣುತ್ತಿತ್ತು. ಪಾದ್ರಿಯ ಮುಖವೂ ಕಾಣುತ್ತಿತ್ತು. ಈ ಕಡೆ ತಿರುಗಿದರೆ ಮರ್ಯಾದೆ, ಆ ಕಡೆ ತಿರುಗಿದರೆ ಮಗಳು. ನಾಚಿಕೆಗೆಟ್ಟವನು ಇಷ್ಟು ಹೊತ್ತು ಯೋಚಿಸಬೇಕಾಗಿತ್ತಾ? ಯೋಚಿಸಿದ. ಇಪ್ಪತ್ತೆರಡು ವರ್ಷ ಸೂರ್ಯನಿಗೆ ಅಪ್ಪಣೆ ಕೊಟ್ಟವನಿಗೆ ಬಾಯಿ ತೆರೆಯುವುದಕ್ಕೆ ಅಷ್ಟು ಹೊತ್ತು ಬೇಕಾಯಿತು, ಬಾಯಿ ತೆರೆದರೂ ಬಂದದ್ದು ಬರೀ ಗಾಳಿ.

ಮಗಳು ಎದ್ದಳು. ಅಪ್ಪನ ಜೇಬಿನಿಂದ ಪೆನ್ಸಿಲ್ ಕಿತ್ತುಕೊಂಡಳು.

"ಅಪ್ಪ ಸಂತ ಅಲ್ಲ" ಎಂದಳು. ಮೇಜಿನ ಬಿಳಿ ಕಾಗದದ ಮೇಲೆ, ಬೆಣ್ಣೆಯ ಬಟ್ಟಲಿನ ಪಕ್ಕ, ಅಂಕಿ ಬರೆದಳು. "ಉಪವಾಸ ನಲವತ್ತು ದಿನ. ಮಧ್ಯೆ ಭಾನುವಾರ ಆರು. ಒಟ್ಟು ನಲವತ್ತಾರು. ಭಾನುವಾರ ಅದರೊಳಗೇ ಬಂದುಬಿಡ್ತು. ಅಪ್ಪನ ಲೆಕ್ಕದ ಚೀಟಿ ನಾನು ನೋಡ್ದೆ, ಆ ನಲವತ್ತಾರನ್ನ ಎಣಿಸೋವಾಗ ಭಾನುವಾರ ಇನ್ನೊಂದು ಸಲ ಬಿಟ್ಟಿದಾರೆ. ಒಂದು ವಾರ ಹಿಂದೆ ಹೋಗಿಬಿಟ್ಟಿದೆ. ಹೋದ ಮಂಗಳವಾರ ಮನೇಲಿ ಎರಡು ಕೋಳಿ ತಿಂದು ಬುಧವಾರ ಚರ್ಚಿಗೆ ಹೋಗಿದಾರೆ. ಅಲ್ಲಿ ಹೇಳೋಕೆ ನಾಚಿಕೆ ಆಗಿದೆ. ಅಷ್ಟೇ ನಡೆದಿರೋದು."

ಪಾದ್ರಿ ಬೆರಳು ಮಡಚಿ ಎಣಿಸಿದರು. ಒಮ್ಮೆ ಎಣಿಸಿ, ಇನ್ನೊಮ್ಮೆ ಎಣಿಸಿ, ಕುರ್ಚಿಯಲ್ಲಿ ಕೂತರು. "ಹನ್ನೊಂದು ಮನೆ" ಎಂದು ತಮಗೇ ಹೇಳಿಕೊಂಡರು. "ಹನ್ನೊಂದು ಮನೆಯವರು ಇವತ್ತು ಗಂಜಿ ಕುಡೀತಿದ್ದಾರೆ. ನಾನೇ ಪೀಠದಿಂದ ಹೇಳಿದ್ದೆ!" ಆ ದುಃಖದಲ್ಲಿ ಅವರು ಕೋಳಿಯ ಎರಡನೇ ಕಾಲನ್ನೂ ತೆಗೆದುಕೊಂಡರು.

"ಲೆಕ್ಕ ತಪ್ಪಿಲ್ಲ!" ಎಂದ ಗುಮಾಸ್ತ. ಎಂಥಾ ಹೊತ್ತಿನಲ್ಲಿ ಬಾಯಿ ಬಂತು ನೋಡಿ. "ನಾನು ಮೂರು ಸಲ ನೋಡಿದೀನಿ. ಬುಧವಾರವೇ ಬರುತ್ತೆ. ಅಪ್ಪ ಹೇಳಿದ್ದು ನಲವತ್ತಾರು, ಅಜ್ಜಿ ಹೇಳಿದ್ದು..."

"ನಿಲ್ಸಿ" ಎಂದರು ಬೇಕರಿಯವರು. ಅಂಗೈಯನ್ನು ಮೇಜಿನ ಮೇಲಿಟ್ಟರು. ಕೇಕಿನ ಮೇಲಂತಸ್ತು ಅಲುಗಾಡಿತು. "ನನಗೆ ಲೆಕ್ಕ ಬೇಡ. ಒಂದೇ ಪ್ರಶ್ನೆ. ನೀವು ಸಂತರೋ, ಇಲ್ಲಾ ಎಡವಟ್ಟೋ? ಸಂತರಾದ್ರೆ ಬಾಗಿಲು ಅಲ್ಲಿದೆ, ಮಗಳನ್ನೂ ಕರ್ಕೊಂಡು ಹೋಗಿ. ಎಡವಟ್ಟಾದ್ರೆ ಕೂತ್ಕೊಂಡು ತಿನ್ನಿ. ಆದ್ರೆ ನಿಮ್ಮ ಬಾಯಲ್ಲೇ ಹೇಳ್ಬೇಕು. ಹುಡುಗಿ ಹೇಳಿದ್ದು ನನಗೆ ಸಾಲಲ್ಲ."

ಗುಮಾಸ್ತ ತಟ್ಟೆ ನೋಡಿದ. ಮಗಳನ್ನು ನೋಡಿದ. ಅವಳು ಅಳುತ್ತಿರಲಿಲ್ಲ, ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಪೆನ್ಸಿಲ್ ಹಿಡಿದು ಸುಮ್ಮನೆ ನಿಂತಿದ್ದಳು, ಔಷಧದ ಅಂಗಡಿಯಲ್ಲಿ ಯಾರಾದರೂ ಚೀಟಿ ತರಲಿ ಎಂದು ಕಾಯುವ ಹಾಗೆ. ಅವನಿಗೆ ತುಂಬಾ ನಾಚಿಕೆಯಾಯಿತು.

"ಲೆಕ್ಕ ತಪ್ಪಿದ್ದು ನಾನು" ಎಂದ.

"ಕೇಳಿಸ್ಲಿಲ್ಲ."

"ಲೆಕ್ಕ ತಪ್ಪಿದ್ದು ನಾನು! ಒಂದು ವಾರ ಮುಂಚೆ ಹೋಗಿಬಿಟ್ಟೆ! ಹಸಿವು ತಡ್ಯೋಕಾಗ್ತಿಲ್ಲ!"

ಬೇಕರಿಯವರು ನಗತೊಡಗಿದರು. ಆ ನಗು ಹೊಟ್ಟೆಯಿಂದ ಶುರುವಾಗಿ ಮೇಜಿಗೆ, ಮೇಜಿನಿಂದ ತಟ್ಟೆಗಳಿಗೆ ಹೋಯಿತು. "ಇದಪ್ಪಾ ಬೀಗ್ತನ! ದಡ್ಡರ ಜೊತೆ ನನಗೆ ನೂರು ವರ್ಷ ಏಗೋಕೆ ಬರುತ್ತೆ. ಇಕ್ಕು, ಇವರಿಗೆ ಆ ಕೋಳಿ ಪೂರ್ತಿ ಇಕ್ಕು!" ಎಂದು ಹೆಂಡತಿಯನ್ನು ಕೂಗಿದರು. ಸೋದರತ್ತೆ ಕುರ್ಚಿಯನ್ನು ಮತ್ತೆ ಮೂಲೆಗೆ ಎಳೆದುಕೊಂಡಳು.

ಆಮೇಲೆ ಗುಮಾಸ್ತ ತಿಂದದ್ದನ್ನು ವರ್ಣಿಸುವುದು ಸಭ್ಯತೆಯಲ್ಲ. ಬೇಕರಿಯವರ ಹೆಂಡತಿ ನಾಲ್ಕು ಸಲ ಅಡಿಗೆಮನೆಗೆ ಹೋಗಿ ಬಂದರು. ಐದನೇ ಸಲ ಹೋಗುವಾಗ ಗಂಡನ ಕಡೆ ನೋಡಿದ ನೋಟದಲ್ಲಿ, ಈ ಸಂಬಂಧವನ್ನು ಬೇಕರಿ ತಾಳೀತೇ ಎಂಬ ಪ್ರಶ್ನೆಯಿತ್ತು. ಪಾದ್ರಿ, ಈ ವಿಷಯ ಈ ಗೋಡೆ ದಾಟಬಾರದು, ಹನ್ನೊಂದು ಮನೆಯವರ ವಿಶ್ವಾಸದ ಪ್ರಶ್ನೆ ಎಂದು ಎಲ್ಲರಿಂದ ಮಾತು ತೆಗೆದುಕೊಂಡರು. ಎಲ್ಲರೂ ಮಾತು ಕೊಟ್ಟರು. ಸೋದರತ್ತೆಯ ಮಾತು ಮಾತ್ರ ಕೇಳಿಸಲಿಲ್ಲ.

"ಸರಿ, ಮದುವೆ" ಎಂದರು ಬೇಕರಿಯವರು, ಕೇಕು ಕತ್ತರಿಸುತ್ತಾ. "ಈಸ್ಟರ್ ಕಳೆದ ಎರಡನೇ ಶನಿವಾರ. ಕೇಕ್ ನಾನೇ ಮಾಡ್ತೀನಿ, ಏಳು ಅಂತಸ್ತು. ಇವತ್ತಿಂದ ಎಷ್ಟು ದಿನ ಸಿಗುತ್ತೆ ನಮಗೆ?"

ಅಭ್ಯಾಸಬಲ. ಗುಮಾಸ್ತನ ಬೆಣ್ಣೆ ಮೆತ್ತಿದ ಕೈ ಜೇಬಿಗೆ ಹೋಯಿತು. ಮೇಜಿನಲ್ಲಿ ಅಗಿಯುವ ಸದ್ದು ನಿಂತಿತು. ಪಾದ್ರಿ ಚಮಚ ಕೆಳಗಿಟ್ಟರು. ಹೆಂಡತಿ ಕಣ್ಣು ಮುಚ್ಚಿಕೊಂಡಳು. ಜೇಬಿನಲ್ಲಿ ಪೆನ್ಸಿಲ್ ಇರಲಿಲ್ಲ, ಮಗಳ ಕೈಯಲ್ಲಿತ್ತು. ಅವಳು ಅದನ್ನು ಮೆಲ್ಲಗೆ ಅಪ್ಪನ ಕಡೆ ಚಾಚಿದಳು.

ಅವನು ಅದನ್ನು ನೋಡಿದ, ತೆಗೆದುಕೊಳ್ಳಲಿಲ್ಲ. "ನೀನೇ ಎಣಿಸಮ್ಮ" ಎಂದ.

ಮಗಳು ಕಾಗದದ ಮೇಲೆ ಎಣಿಸಿ, "ಅರವತ್ತು ದಿನ" ಎಂದಳು. ಬೇಕರಿಯವರು ತಲೆಯಾಡಿಸಿದರು, ಪಾದ್ರಿ ತಲೆಯಾಡಿಸಿದರು. ಗುಮಾಸ್ತನೂ ಬಾಯಿ ತುಂಬಾ ಕೇಕು ಇಟ್ಟುಕೊಂಡು, ಭಾನುವಾರಗಳನ್ನು ಬಿಟ್ಟು, ಒಳಗೊಳಗೇ ಒಂದು ಸಲ ಎಣಿಸಿದ. ಅವನಿಗೆ ಐವತ್ತೆರಡು ಬಂತು. ಇನ್ನೊಂದು ಸಲ ಎಣಿಸಿದ. ಮತ್ತೆ ಐವತ್ತೆರಡೇ ಬಂತು. ಮಗಳು ಹುಡುಗನ ಕಡೆ ನೋಡಿ ನಗುತ್ತಿದ್ದಳು. ಗುಮಾಸ್ತ ಕೇಕನ್ನು ನುಂಗಿದ, ಅದರ ಜೊತೆ ಐವತ್ತೆರಡನ್ನೂ ನುಂಗಿದ.